ಹೊಟ್ಟೆಯ ಮೇಲಿನ ಭಂಡಾರ

ಸೂಜಿ ಮೌನಪ್ಪ ಕೆಟ್ಟವನು ಎಂದರೆ ಕೊಂಕಲ್ ಸೀಮೆಯಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಸುರಪುರದ ಕಡೆ ಯಾರೋ ಡಾಕ್ಟರ ಕೈಕೆಳಗೆ ಕೆಲವು ವರ್ಷ ಕಂಪೌಂಡರ ಕೆಲಸ ಮಾಡಿ, ಒಂದು ಚರ್ಮದ ಬ್ಯಾಗು, ಒಂದು ಹಳೆಯ ಮೋಟಾರ್ ಸೈಕಲ್ಲು ಸಂಪಾದಿಸಿಕೊಂಡು ಊರೂರು ತಿರುಗುತ್ತಿದ್ದ. ಹೆಸರು ಮೌನಪ್ಪ, ಬಾಯಿ ಮಾತ್ರ ಸಂತೆ. ಜ್ವರಕ್ಕೂ ಸೂಜಿ, ಮೈಕೈ ನೋವಿಗೂ ಸೂಜಿ. ಸೊಸೆಯ ಮುನಿಸಿಗೂ ಒಂದು ಸೂಜಿ ಇದ್ದರೆ ಕೊಡೋ ಅಂತ ಮುದುಕಿಯರು ಚೇಷ್ಟೆ ಮಾಡುತ್ತಿದ್ದರು. ಕಾಲುವೆಗೆ ನೀರು ಬಂದ ಮೇಲಂತೂ ಅವನಿಗೆ ಪುರುಸೊತ್ತೇ ಇರಲಿಲ್ಲ. ನೀರಿನ ಹಿಂದೆ ನೆಲ್ಲು ಬಂತು, ನೆಲ್ಲಿನ ಹಿಂದೆ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಮೌನಪ್ಪ ಬಂದ.

ಆ ಶ್ರಾವಣದ ಮುಂಜಾನೆ ಅವನನ್ನು ಕರೆಸಿದವಳು ಭೀಮವ್ವನೇ. ಕರೆಮ್ಮ ಹಿಂದಿನ ಸಂಜೆಯಿಂದ ಬ್ಯಾನಿ ತಿನ್ನುತ್ತಿದ್ದಳು. ನೋವು ಬರುತ್ತಿತ್ತು, ಹೋಗುತ್ತಿತ್ತು, ಕೂಸು ಮಾತ್ರ ಇದ್ದಲ್ಲಿಯೇ ಇತ್ತು. ಕರೆಮ್ಮ ಭೀಮವ್ವನಿಗೆ ಸೊಸೆಯೂ ಹೌದು, ಮೊಮ್ಮಗಳೂ ಹೌದು. ಮಗಳು ಮರಿಲಿಂಗಮ್ಮ ತೀರಿಹೋದಾಗ ತಬ್ಬಲಿಯಾದ ಕೂಸನ್ನು ತಾನೇ ಸಾಕಿ, ದೊಡ್ಡವಳಾದ ಮೇಲೆ ತನ್ನ ಕಿರಿಯ ಮಗ ದೇವಿಂದ್ರಪ್ಪನಿಗೇ ಮದುವೆ ಮಾಡಿಕೊಂಡಿದ್ದಳು. ಸೋದರಮಾವನಿಗೆ ಕೊಡುವುದು ನಮ್ಮ ಕಡೆ ಹೊಸದಲ್ಲ. ಹುಡುಗಿ ಕಣ್ಣ ಮುಂದೆ ಇರುತ್ತದೆ, ಅಷ್ಟೇ ಭೀಮವ್ವನ ಆಸೆ. ಮದುವೆಯಾದ ಮೇಲೂ ಕರೆಮ್ಮ ಅವಳನ್ನು ಅತ್ತೆ ಎನ್ನಲಿಲ್ಲ, ಮೊದಲಿನಂತೆ ಆಯಿ ಎಂದೇ ಕರೆದಳು.

ಇದು ಕರೆಮ್ಮನ ಎರಡನೆಯ ಹೆರಿಗೆ. ಮೊದಲನೆಯದು ಹೂವು ಎತ್ತಿಟ್ಟ ಹಾಗೆ ಆಗಿತ್ತು. ಆಗ ಹುಟ್ಟಿದ ಹುಡುಗಿ ಈಗ ಪಕ್ಕದ ಮನೆಯಲ್ಲಿ ಆಡುತ್ತಿತ್ತು. ದೇವಿಂದ್ರಪ್ಪ ಊರಲ್ಲಿ ಇರಲಿಲ್ಲ. ಬೀಳು ನೆಲವೆಲ್ಲ ಗದ್ದೆಯಾದ ಮೇಲೆ ಊರ ಸುತ್ತ ಕುರಿಗೆ ಬಾಯಿ ಹಾಕಲು ಜಾಗ ಉಳಿದಿರಲಿಲ್ಲ. ಹಿಂಡು ಹೊಡೆದುಕೊಂಡು ಸುರಪುರದ ಗುಡ್ಡದ ಕಡೆ ಹೋಗಿದ್ದ.

"ಒಂದು ಬ್ಯಾನಿ ಸೂಜಿ ಹಾಕ್ತೀನಿ ಅತ್ತಿ. ಗಳಿಗ್ಯಾಗ ಹಡೀತಾಳ ನೋಡು," ಎಂದ ಮೌನಪ್ಪ. ಭೀಮವ್ವನಿಗೆ ಅದರಲ್ಲಿ ಅನುಮಾನ ಬರಲು ಕಾರಣವೇ ಇರಲಿಲ್ಲ. ನಾಟಿಯ ದಿನಗಳಲ್ಲಿ ಅರ್ಧ ಊರಿನ ಹೆಂಗಸರು ಹಾಗೇ ಹಡೆದಿದ್ದರು.

ಸೂಜಿ ಹಾಕಿದ. ಚಹಾ ಕುಡಿದ. ಕೂಸು ಬರಲಿಲ್ಲ. ಇನ್ನೊಂದು ಸೂಜಿ ಹಾಕಿದ.

ಆಮೇಲೆ ಬಂದ ನೋವು ಹೋಗಲಿಲ್ಲ. ಹೆರಿಗೆ ನೋವಿಗೂ ಒಂದು ಧರ್ಮವಿದೆ. ಹಿಂಡುತ್ತದೆ, ಬಿಡುತ್ತದೆ, ಉಸಿರಾಡಲು ಬಿಡುವು ಕೊಡುತ್ತದೆ. ಇದು ಹಿಡಿದದ್ದು ಬಿಡಲೇ ಇಲ್ಲ. ಕರೆಮ್ಮನ ಹೊಟ್ಟೆ ಕಲ್ಲಾಯಿತು. ಅವಳು ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮೇಲೆ ಮಾಡಿದಳು. ಮೌನಪ್ಪ ಹೊಟ್ಟೆಯ ಮೇಲೆ ಕೈಯಿಟ್ಟ, ಕೈ ತೆಗೆದ, ಮತ್ತೆ ಇಟ್ಟ. ಅವನ ಬಾಯಿ ನಿಂತುಹೋಗಿತ್ತು. ಅವನು ಮಾತು ನಿಲ್ಲಿಸಿದ್ದನ್ನು ಭೀಮವ್ವ ಎಂದೂ ಕಂಡಿರಲಿಲ್ಲ.

"ಶಹಾಪುರಕ್ಕ ಒಯ್ಯೋಣ," ಎಂದ ಕಡೆಗೆ. "ನೀನೇ ಹೋಗಿ ದಸ್ತಗೀರಸಾಬಗ ಜೀಪ್ ತರಾಕ ಹೇಳು. ನಿನ್ನ ಮಾತು ತೆಗದು ಹಾಕಂಗಿಲ್ಲ ಅಂವ. ನಾ ಇಲ್ಲೇ ಇರ್ತೀನಿ."

ಭೀಮವ್ವ ಓಡಿದಳು. ಅವಳ ವಯಸ್ಸಿನವರು ಓಡಬಾರದು, ಆದರೂ ಓಡಿದಳು. ಸಾಬ ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದ. ಅವಳು ಮರಳಿ ಒಳಗೆ ಬಂದಾಗ ಮೌನಪ್ಪ ದೇವರ ಜಗುಲಿಯ ಮುಂದೆ ನಿಂತಿದ್ದ, ಕೈಯಲ್ಲಿ ಭಂಡಾರದ ಚೀಲ. ಮನೆದೇವರು ಬೀರಪ್ಪನ ಭಂಡಾರ ಅದು. ಅರಿಸಿನದ ಪುಡಿ ಅಂತ ಹೊರಗಿನವರು ಅನ್ನಬಹುದು, ಆ ಮನೆಯಲ್ಲಿ ಹಾಗೆ ಅಂದವರು ಉಳಿಯುತ್ತಿರಲಿಲ್ಲ. ಕರೆಮ್ಮನ ಅಂಗೈಯೂ ಹಳದಿಯಾಗಿತ್ತು. ಧೈರ್ಯಕ್ಕೆಂದು ಹಿಡಿದುಕೊಂಡಿರಬೇಕು ಪಾಪ ಎಂದುಕೊಂಡಳು ಭೀಮವ್ವ.

"ಅತ್ತಿ, ಇಲ್ಲಿ ಕೇಳು," ಮೌನಪ್ಪ ಪಿಸುಗುಟ್ಟಿದ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. "ದವಾಖಾನ್ಯಾಗ ಸೂಜಿ ಮಾತು ಎತ್ತಬ್ಯಾಡ. ಹೊರಗ ಸೂಜಿ ಹಾಕ್ಸ್ಯಾರ ಅಂತ ಗೊತ್ತಾತಂದ್ರ ಪೊಲೀಸ್ ಕೇಸ್ ಅಂತಾರ. ಪೊಲೀಸರು ಬಂದು ಪಂಚನಾಮಿ ಮಾಡೋತನಕ ಯಾವ ಡಾಕ್ಟರೂ ಕೈ ಹಚ್ಚಂಗಿಲ್ಲ. ಹುಡುಗಿ ವರಾಂಡದಾಗೇ ಸಾಯ್ತದ. ತಿಳೀತಿಲ್ಲ?"

"ನಾ ಯಾಕ ಹೇಳಲೋ ತಮ್ಮಾ," ಎಂದಳು ಭೀಮವ್ವ.

"ಹಂಗಲ್ಲ. ಭಂಡಾರ ಹಿಡಿದು ಹೇಳು."

ಅವನು ಚಿಟಿಕೆ ಭಂಡಾರ ತೆಗೆದು ಕರೆಮ್ಮನ ಬಿಗಿದ ಹೊಟ್ಟೆಯ ಮೇಲೆ ಹಾಕಿದ. ಭೀಮವ್ವನ ಕೈ ಹಿಡಿದು ಅದರ ಮೇಲೆ ಇಟ್ಟ. "ಬಾಯಿ ಬಿಟ್ರ ಈ ಹೊಟ್ಟಿ ಮ್ಯಾಲೇ ಬರಲಿ ಅನ್ನು."

ಜೀಪಿನ ಹಾರ್ನು ಕೂಗುತ್ತಿತ್ತು. ಭೀಮವ್ವ ಅಂದುಬಿಟ್ಟಳು. ಮೌನಪ್ಪನೂ ಪಾಪ ಹೆದರಿದ್ದ ಎಂದು ಯಾರಾದರೂ ಅವನ ಪರ ಮಾತಾಡಿದರೆ ನಾನು ಇಷ್ಟೇ ಕೇಳುವುದು: ಹೆದರಿದವನು ತನ್ನ ತಲೆಯ ಮೇಲೆ ಆಣೆ ಇಟ್ಟುಕೊಳ್ಳಬೇಕಿತ್ತಲ್ಲ, ಬಸುರಿಯ ಹೊಟ್ಟೆಯೇ ಬೇಕಾಯಿತೇ?

ಕಾಲುವೆಯ ಏರಿಯ ಮೇಲೆ ಜೀಪು ಹೊರಟಿತು. ಕಾಲುವೆ ತುಂಬಿ ಹರಿಯುತ್ತಿತ್ತು. ಎರಡೂ ಕಡೆ ಗದ್ದೆಯಲ್ಲಿ ಬಗ್ಗಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ಜೀಪು ನೋಡಿ, ಯಾರ ಮನೆಯದು ಎಂದು ಕೂಗಿ ಕೇಳುತ್ತಿದ್ದರು. ಮೌನಪ್ಪ ಜೊತೆಗೆ ಬರಲಿಲ್ಲ. ವಡಗೇರಾ ದಾಟುವ ತನಕ ಭೀಮವ್ವ ಕರೆಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀರಪ್ಪಾ ಬೀರಪ್ಪಾ ಎಂದಳು. ಆಮೇಲೆ ಅದೂ ನಿಂತಿತು, ಯಾಕೆಂದರೆ ಬೀರಪ್ಪನಿಗೇ ಅವಳು ಹೆದರುತ್ತಿದ್ದಳು.

ಭಂಡಾರ ಏನು ಮಾಡುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗಂಡ ಮಾನಪ್ಪ ಒಂದು ಸಲ ಸುಳ್ಳು ಭಂಡಾರ ಹಿಡಿದಿದ್ದ. ಅಣ್ಣತಮ್ಮಂದಿರ ನಡುವೆ ಒಂದು ಟಗರಿನ ಜಗಳ. ಟಗರು ನನ್ನ ಹಟ್ಟಿಯಲ್ಲಿ ಇಲ್ಲ ಎಂದು ಭಂಡಾರ ಮುಟ್ಟಿ ಹೇಳಿದ್ದ, ಟಗರು ಅವನ ಹಟ್ಟಿಯಲ್ಲೇ ಇತ್ತು. ಅದೇ ವರ್ಷ ಮರಿಲಿಂಗಮ್ಮ ಎರಡನೆಯ ಹೆರಿಗೆಯಲ್ಲಿ ಹೋದಳು. ಆಗ ಕಾಲುವೆ ಇರಲಿಲ್ಲ, ರಸ್ತೆ ಇರಲಿಲ್ಲ, ಶಹಾಪುರ ಪರದೇಶದಷ್ಟು ದೂರವಿತ್ತು. ಸೂಲಗಿತ್ತಿ ಹೊಟ್ಟೆಯನ್ನು ಮೇಲಿಂದ ಒತ್ತಿ ಒತ್ತಿ ಸೋತಳು. ಸಂಜೆಯ ಹೊತ್ತಿಗೆ ಮರಿಲಿಂಗಮ್ಮನ ಹೊಟ್ಟೆಯ ನಡುವೆ ಹಗ್ಗ ಬಿಗಿದು ಕಟ್ಟಿದ ಹಾಗೆ ಒಂದು ಗೆರೆ ಎದ್ದಿತು. ಮೇಲೊಂದು ಗಡಿಗೆ, ಕೆಳಗೊಂದು ಗಡಿಗೆ. ಸ್ವಲ್ಪ ಹೊತ್ತಿಗೆ ಒದ್ದಾಟ ತಟ್ಟನೆ ನಿಂತಿತು. "ಈಗ ಆರಾಮ ಆತವ್ವ," ಎಂದಳು ಮಗಳು. ನಗು ಕೂಡ ಬಂದಿತ್ತು ಮುಖದಲ್ಲಿ. ಭೀಮವ್ವ ಸಂತೋಷದಿಂದ ಗಂಜಿ ಕಾಯಿಸಲು ಒಳಗೆ ಹೋದಳು. ಗಂಜಿ ತರುವಷ್ಟರಲ್ಲಿ ಮಗಳ ಮೈ ತಣ್ಣಗಾಗಿತ್ತು.

ಕೂಸು ಹೊಟ್ಟೆಯಲ್ಲೇ ಇದ್ದ ಹೆಣವನ್ನು ಊರ ಹೆಣಗಳ ಜೊತೆ ಮಣ್ಣು ಮಾಡಲು ಬಿಡಲಿಲ್ಲ. ಹಳ್ಳದ ಆಚೆ ಹೂಳಿ, ತಿರುಗಿ ಬರಬಾರದೆಂದು ದಾರಿಯುದ್ದಕ್ಕೂ ಸಾಸಿವೆ ಚೆಲ್ಲಿಕೊಂಡು ಬಂದರು. ಹೆತ್ತವಳ ಕಣ್ಣ ಮುಂದೆಯೇ ಚೆಲ್ಲಿದರು. ಯಾರೂ ಏನೂ ಕೇಳಲಿಲ್ಲ, ಯಾವ ಕಾಗದದಲ್ಲೂ ಅವಳ ಹೆಸರು ಬರೆಯಲಿಲ್ಲ. ಅಪ್ಪನ ಸುಳ್ಳು ಭಂಡಾರ ಮಗಳನ್ನು ತಿಂದಿತು ಎಂದರು, ಮುಗಿಯಿತು. ಭೀಮವ್ವನೂ ಹಾಗೇ ಅಂದಳು. ಗಂಡ ಸಾಯುವ ತನಕ ಅವನ ಮುಂದೆ ತಾಟು ಇಟ್ಟಳೇ ಹೊರತು ಮಾತಾಡಲಿಲ್ಲ. ತಾಯಿಯಿಲ್ಲದ ಕರೆಮ್ಮನನ್ನು ಎತ್ತಿಕೊಳ್ಳಲು ಅವನು ಕೈ ಚಾಚಿದರೆ ಎಳೆದುಕೊಂಡು ಒಳಗೆ ಹೋಗುತ್ತಿದ್ದಳು. ಮುದುಕ ಕುರಿಹಟ್ಟಿಯಲ್ಲೇ ಮಲಗಿ, ಅಲ್ಲೇ ಕಣ್ಣು ಮುಚ್ಚಿದ.

ಅಂಥ ಭಂಡಾರ ಈಗ ಕರೆಮ್ಮನ ಹೊಟ್ಟೆಯ ಮೇಲೆ ಬೆವರಿಗೆ ಅಂಟಿಕೊಂಡು ಕೂತಿತ್ತು.

ಶಹಾಪುರ ಮುಟ್ಟುವಷ್ಟರಲ್ಲಿ ಸೂಜಿಯ ಬಿಗಿ ಇಳಿದು ಕರೆಮ್ಮನ ಹೊಟ್ಟೆ ಸಡಿಲಾಗಿತ್ತು. ದವಾಖಾನೆಯಲ್ಲಿ ಡಾಕ್ಟರ್ ಅಮೃತಮ್ಮ ಇದ್ದರು. ಕಡ್ಡಿಯಂಥ ಮೈ, ಚುರುಕು ಕಣ್ಣು. ಬಂದವರೇ ಕರೆಮ್ಮನ ನಾಡಿ ಹಿಡಿದರು, ಹೊಟ್ಟೆ ಮುಟ್ಟಿದರು. ಕಹಳೆಯಂಥ ಕೊಳವೆಯೊಂದನ್ನು ಹೊಟ್ಟೆಗೆ ಒತ್ತಿ ಕಿವಿಯಿಟ್ಟು, "ಕೂಸಿನ ಎದಿ ಛಲೋ ಬಡೀತದ," ಎಂದು ನರ್ಸು ಅನ್ವರಬಿಗೆ ಹೇಳಿದರು. ಆ ಮಾತು ಕೇಳಿ ಭೀಮವ್ವನಿಗೆ ಹೋದ ಜೀವ ಬಂದಿತು.

"ಊರಾಗ ಯಾರರ ಸೂಜಿ ಹಾಕ್ಯಾರೇನಮ್ಮಾ? ಬ್ಯಾನಿ ಬರೋ ಸೂಜಿ?" ಡಾಕ್ಟರು ತಲೆ ಎತ್ತಿ ಕೇಳಿದರು.

ಹೇಳಿದರೆ ಬೀರಪ್ಪ. ಹೇಳಿದರೆ ಪೊಲೀಸು, ವರಾಂಡ. ಭೀಮವ್ವ ಕರೆಮ್ಮನ ಹೊಟ್ಟೆಯ ಮೇಲಿನ ಹಳದಿಯನ್ನೇ ನೋಡಿದಳು.

"ಇಲ್ರಿ," ಎಂದಳು.

"ಖರೇ ಹೇಳ್ರಿ. ಹಾಕ್ಸಿದ್ರ ಹಾಕ್ಸೀವಿ ಅನ್ರಿ, ನಾನೇನೂ ಬೈಯಂಗಿಲ್ಲ."

"ಇಲ್ರಿ ಅಕ್ಕಾರ. ಯಾರೂ ಹಾಕಿಲ್ಲ."

ಡಾಕ್ಟರು ಕರೆಮ್ಮನ ಕಡೆ ತಿರುಗಿದರು. "ನೀ ಹೇಳವ್ವಾ." ಕರೆಮ್ಮ ಒಂದು ಸಲ ಭೀಮವ್ವನ ಮುಖ ನೋಡಿದಳು. ಗೋಣು ಅಲ್ಲಾಡಿಸಿದಳು, ಇಲ್ಲ ಎಂದು. ತನ್ನ ಹೊಟ್ಟೆಗಾಗಿ ಹುಡುಗಿಯೂ ಹೆದರಿದೆ ಎಂದುಕೊಂಡಳು ಭೀಮವ್ವ.

"ನಿಮ್ಮ ಹುಡುಗಿ ದಣದಾಳ," ಎಂದರು ಡಾಕ್ಟರು. "ಬ್ಯಾನಿ ಸೋತಾವ. ಸಲಾಯಿನ್ ಹಚ್ಚಿ ನೋಡೋಣ." ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಹೆರುತ್ತಿದ್ದ ಇನ್ನೊಬ್ಬಳ ಕೂಗು ಬಂತು. ಅನ್ವರಬಿಗೆ ಇಷ್ಟಿಷ್ಟು ಎಂದು ಹೇಳಿ ಅವರು ಆ ಕಡೆ ಓಡಿದರು.

ಬಾಟಲಿ ತೂಗಿತು. ಹನಿ ಬೀಳತೊಡಗಿತು. ಭೀಮವ್ವ ಮಂಚದ ಕಾಲ ಬಳಿ ಕುಕ್ಕರುಗಾಲಿನಲ್ಲಿ ಕೂತು ಆ ಹನಿಗಳನ್ನೇ ನೋಡಿದಳು. ದವಾಖಾನೆಗೆ ಬಂದೆವಲ್ಲ, ಇನ್ನೇನು ಹೆದರಿಕೆ ಎಂದು ತನಗೆ ತಾನೇ ಹೇಳಿಕೊಂಡಳು. ಕರೆಮ್ಮನ ಮುಖ ಮತ್ತೆ ಬಿಗಿಯತೊಡಗಿದ್ದು ಕಂಡು ಕೇಳಿದಳು, "ಆ ಬಾಟ್ಲಿಯಾಗ ಏನದ ಬೇಟಿ?"

"ಬ್ಯಾನಿ ಬರೋ ಔಷಧ ಹಾಕೀವಿ ಅಮ್ಮಾ. ಇನ್ನ ಜಲ್ದಿ ಆಗ್ತದ, ಗಾಬರಿ ಆಗಬ್ಯಾಡ್ರಿ," ಎಂದಳು ಅನ್ವರಬಿ ಒಳ್ಳೆಯ ಮಾತಿನಲ್ಲಿ, ಮತ್ತು ಬಕೆಟ್ಟು ತರಲು ಹೊರಗೆ ಹೋದಳು.

ಬ್ಯಾನಿ ಬರುವ ಔಷಧ. ಮೌನಪ್ಪನ ಸೂಜಿಯಲ್ಲಿ ಇದ್ದದ್ದೂ ಅದೇ. ಮುಂಜಾನೆಯಿಂದ ಎರಡು ಸಲ ತಿಂದ ವಿಷದ ಮೇಲೆ ಮೂರನೆಯ ಸಲ, ಅದೂ ಹನಿ ಹನಿಯಾಗಿ, ಅವಳ ಕಣ್ಣ ಮುಂದೆಯೇ ಒಳಗೆ ಇಳಿಯುತ್ತಿತ್ತು. ಡಾಕ್ಟರಿಗೆ ಅದು ಗೊತ್ತಿಲ್ಲ. ಗೊತ್ತಿರುವವಳ ಬಾಯಿಗೆ ಬೀಗ. ಅತ್ತ ದರಿ ಇತ್ತ ಪುಲಿ ಅಂತ ಗಾದೆ ಹೇಳುವುದು ಸುಲಭ. ಭೀಮವ್ವನಿಗೆ ದರಿಯೂ ಕರೆಮ್ಮನೇ, ಪುಲಿಯೂ ಕರೆಮ್ಮನ ಮೇಲೆಯೇ ಹಾರುವುದು. ಹೇಳಿದರೂ ಅವಳು ಸಾಯುತ್ತಾಳೆ, ಹೇಳದಿದ್ದರೂ ಅವಳೇ ಸಾಯುತ್ತಾಳೆ. ಎದ್ದು ಬಾಗಿಲ ತನಕ ಹೋದಳು. ತಿರುಗಿ ಬಂದಳು. ಮತ್ತೆ ಹೋದಳು. ಹೊಸ್ತಿಲ ಮೇಲೆ ನಿಂತಾಗ ಸಾಸಿವೆ ಚೆಲ್ಲುತ್ತ ನಡೆಯುವ ಜನರ ಬೆನ್ನು ಕಂಡ ಹಾಗಾಯಿತು. ಬಾಯಿ ಬಿಟ್ಟೆ, ಚೆಲ್ಲಿದರು. ಬಾಯಿ ಬಿಟ್ಟೆ, ಚೆಲ್ಲಿದರು. ತಿರುಗಿ ಬಂದು ಕುಳಿತಳು.

ಹೀಗೆ ಹೊತ್ತು ಹೋಯಿತು. ಕರೆಮ್ಮ ಈಗ ಕೂಗುತ್ತಲೂ ಇರಲಿಲ್ಲ. ಹೊದಿಕೆ ಸರಿದಿತ್ತು, ಮುಚ್ಚೋಣವೆಂದು ಭೀಮವ್ವ ಎದ್ದಳು. ಎದ್ದವಳು ಹಾಗೇ ನಿಂತಳು.

ಹೊಟ್ಟೆಯ ನಡುವೆ ಗೆರೆ ಎದ್ದಿತ್ತು. ಹಗ್ಗ ಬಿಗಿದು ಕಟ್ಟಿದ ಹಾಗೆ. ಮೇಲೊಂದು ಗಡಿಗೆ, ಕೆಳಗೊಂದು ಗಡಿಗೆ.

ಬಂತು, ಭಂಡಾರ ಬಂತು ಎಂದುಕೊಂಡಳು. ಮರಿಲಿಂಗಮ್ಮನನ್ನು ತಿಂದದ್ದು ಇವಳನ್ನೂ ತಿನ್ನಲು ಬಂತು. ಇನ್ನು ಉಳಿದದ್ದು ಒಂದೇ ಮಾತು, ಆರಾಮ ಆತು ಅನ್ನುವ ಮಾತು. ಆ ಮಾತು ಹುಡುಗಿಯ ತುಟಿಯ ಮೇಲೆ ಬರುವುದನ್ನೇ ಅವಳು ಕಾದು ನಿಂತಳು. ಆಗ, ಹೆದರಿಕೆಯ ತಳದಲ್ಲಿ, ಇನ್ನೊಂದು ಯೋಚನೆ ಬಂತು. ಯಾಕೆ ಬಂತು ಭಂಡಾರ? ನಾನು ಬಾಯಿ ಬಿಟ್ಟೇ ಇಲ್ಲವಲ್ಲ. ಆಣೆ ಹಾಗೇ ಇದೆ, ಅರಿಸಿನ ಹಾಗೇ ಇದೆ, ನಾನು ತುಟಿ ಎರಡು ಮಾಡಿಲ್ಲ. ಬಾಯಿ ಬಿಟ್ಟರೆ ಬರಬೇಕಾದದ್ದು ಬಿಡದೆಯೇ ಬಂದಿದೆ. ಹಾಗಾದರೆ ಈ ಗೆರೆ ಆಣೆಯಿಂದ ಬಂದದ್ದಲ್ಲ. ಮಗಳು ಹೋದ ಅವತ್ತೂ ಅಲ್ಲ.

ಮಾನಪ್ಪಾ, ಅವತ್ತೂ ಅಲ್ಲ.

"ಸೂಜಿ ಹಾಕ್ಸೀವ್ರೀ!" ಅವಳು ಬಾಗಿಲಿಗೆ ಹೋಗಿ ಒದರಿದಳು. ಅಂಥ ದನಿ ತನ್ನಲ್ಲಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. "ಎರಡ ಸೂಜಿ ಹಾಕ್ಸೀವ್ರೀ! ಬ್ಯಾನಿ ಸೂಜಿ! ನಾ ಸುಳ್ಳ ಹೇಳೀನಿ! ಯಾರರ ಬರ್ರೀ!"

ಅಮೃತಮ್ಮ ಓಡಿ ಬಂದರು. ಮೊದಲು ಬಾಟಲಿಯ ನಳಿಗೆ ಮುಚ್ಚಿದರು. ಹೊಟ್ಟೆ ನೋಡಿದರು, ಮುಟ್ಟಿದರು. ಅವರ ಮುಖದ ಬಣ್ಣ ಬದಲಾಯಿತು. ಕೊಳವೆ ಒತ್ತಿ ಕಿವಿಯಿಟ್ಟರು. ಒಂದು ಕಡೆ ಇಟ್ಟರು, ಸರಿಸಿ ಇನ್ನೊಂದು ಕಡೆ ಇಟ್ಟರು, ಮತ್ತೂ ಒಂದು ಕಡೆ. "ಗರ್ಭಚೀಲ ಹರಿಯಾಕತ್ತದ. ಆಪರೇಷನ್ನಿಗೆ ತೊಗೊಳ್ರಿ, ಈಗಿಂದೀಗ," ಎಂದು ಅನ್ವರಬಿಗೆ ಕೂಗಿದರು.

"ಪೊಲೀಸರು ಬರೋತನಕ ಮುಟ್ಟಂಗಿಲ್ಲಂತಲ್ರೀ," ಭೀಮವ್ವ ಅವರ ಕಾಲು ಹಿಡಿದಳು. "ಮುಟ್ರೀ ಅಕ್ಕಾರ. ನನ್ನ ಜೇಲಿಗೆ ಹಾಕ್ರಿ, ಅಕಿನ್ನ ಮುಟ್ರಿ."

"ಯಾವ ಹುಚ್ಚ ಹೇಳಿದ ನಿಮಗ? ಪೊಲೀಸರಿಗೆ ಹೇಳ್ತೀನಿ, ಹೇಳಲೇಬೇಕು. ಅವರು ಬಂದಾಗ ಬರ್ಲಿ. ಮೊದಲು ಜೀವ. ಕಾಲು ಬಿಡ್ರಿ!"

ತಳ್ಳುಗಾಡಿಯ ಮೇಲೆ ಕರೆಮ್ಮನನ್ನು ಒಯ್ಯುವಾಗ ಅವಳು ಕಣ್ಣು ತೆರೆದಳು. ಆ ಕಣ್ಣಿನಲ್ಲಿ ಇದ್ದಂಥ ಭಯವನ್ನು ಭೀಮವ್ವ ಜನ್ಮದಲ್ಲಿ ಕಂಡಿರಲಿಲ್ಲ.

"ಯಾಕ ಹೇಳಿದಿ ಆಯೀ," ಎಂದಳು ಕರೆಮ್ಮ. "ಯಾಕ ಬಾಯಿ ಬಿಟ್ಟಿ."

ಬಾಗಿಲು ಮುಚ್ಚಿತು. ನನ್ನ ಹೊಟ್ಟೆಯ ಮೇಲೆ ಆಣೆ ಇದ್ದೂ ಯಾಕೆ ಹೇಳಿದೆ ಎಂದು ಹುಡುಗಿ ಕೇಳಿತು. ಇನ್ನು ಅವಳು ತಿರುಗಿ ಬರದಿದ್ದರೆ ಕಿವಿಯಲ್ಲಿ ಉಳಿಯುವುದು ಅದೊಂದೇ ಮಾತು. ಭೀಮವ್ವ ಗೋಡೆಗೆ ತಲೆ ಕೊಟ್ಟು ಕೂತಳು. ದಸ್ತಗೀರಸಾಬ ರಕ್ತ ಕೊಡಲು ಅಂಗಿಯ ತೋಳು ಮಡಿಚಿಕೊಂಡು ಒಳಗೆ ಹೋದ. ಅವಳು ಅಲ್ಲಿ ಕೂತು ಅತ್ತದ್ದು ಕರೆಮ್ಮನಿಗೆ ಮಾತ್ರವಲ್ಲ. ಕುರಿಹಟ್ಟಿಯಲ್ಲಿ ಒಬ್ಬನೇ ಸತ್ತ ಮುದುಕನಿಗೂ ಅತ್ತಳು.

ಬಹಳ ಹೊತ್ತಿನ ಮೇಲೆ ಅಮೃತಮ್ಮ ಹೊರಗೆ ಬಂದರು.

"ನಿಮ್ಮ ಹುಡುಗಿ ಉಳದಾಳ. ಗರ್ಭಚೀಲ ಹರಿದಿತ್ತು, ತೆಗೀಬೇಕಾತು. ಇನ್ನ ಮಕ್ಕಳಾಗಂಗಿಲ್ಲ. ಕೂಸು ಹೋಗಿತ್ತು. ಗಂಡು."

"ಯಾವಾಗ ಹೋತ್ರಿ?" ಭೀಮವ್ವ ಕೇಳಿದಳು.

"ನೀವು ಬಂದಾಗ ಇತ್ತು, ನಾನೇ ಎದಿ ಬಡಿಯೋದು ಕೇಳೀನಿ. ನೀವು ಒದರಿದ ಮ್ಯಾಲ ನೋಡಿದ್ರ ಇರಲಿಲ್ಲ. ಆ ನಡಕ ಹೋಗ್ಯಾದ."

ಡಾಕ್ಟರು ಕೈ ಒರೆಸಿಕೊಂಡು ಹೋದರು. ಮೊದಲ ಸಲ ಕೇಳಿದಾಗ ಇತ್ತು. ಇಲ್ರಿ ಅಂದಾಗ ಇತ್ತು. ಬಾಗಿಲ ತನಕ ಹೋಗಿ ತಿರುಗಿ ಬಂದಾಗಲೂ ಇತ್ತೋ ಏನೋ. ಅವಳು ಬಾಯಿ ಮುಚ್ಚಿಕೊಂಡು ಹನಿ ನೋಡುತ್ತ ಕೂತಿದ್ದ ಹೊತ್ತಿನಲ್ಲಿ, ಅವಳ ಕೈಯಳತೆಯಲ್ಲಿ, ಅದು ನಿಂತಿತ್ತು.

ಪೊಲೀಸರು ಬಂದರು, ಭೀಮವ್ವನ ಹೇಳಿಕೆ ಬರೆದುಕೊಂಡರು. ದೇವಿಂದ್ರಪ್ಪ ಗುಡ್ಡದಿಂದ ಓಡಿ ಬಂದು ಕೂಸನ್ನು ಮಣ್ಣು ಮಾಡಿದ. ಊರಿಗೆ ಊರೇ ಮೌನಪ್ಪನ ಕಡೆ ನಿಂತಿತು. ಭೀಮವ್ವ ಭಂಡಾರ ಮುರಿದಳು, ಬೀರಪ್ಪ ಕೂಸು ತೊಗೊಂಡ ಎಂದರು. ಅವಳು ಅಲ್ಲ ಅನ್ನಲಿಲ್ಲ. ಆಣೆ ಮುರಿದವಳು ಅನ್ನಿಸಿಕೊಳ್ಳುವುದು ಸಹಿಸಬಹುದಿತ್ತು. ಆಣೆ ಕಾದದ್ದರಿಂದಲೇ ಕೂಸು ಹೋಯಿತು ಎಂದು ಕರೆಮ್ಮನಿಗೆ ಗೊತ್ತಾದರೆ? ಆ ಹುಡುಗಿ ಇನ್ನು ಮುಂದೆ ಆಯಿ ಎಂದು ಕರೆದೀತೇ? ಹೊಟ್ಟೆಯ ಮೇಲೆ ಹೊಲಿಗೆಯ ಗೆರೆ ಹೊತ್ತು ಕರೆಮ್ಮ ಮನೆಯಲ್ಲಿ ಓಡಾಡುವಾಗಲೆಲ್ಲ ಭೀಮವ್ವ ಕಣ್ಣು ತಪ್ಪಿಸುತ್ತಿದ್ದಳು. ಕರೆಮ್ಮನೂ ತಪ್ಪಿಸುತ್ತಿದ್ದಳು. ಒಂದೇ ಒಲೆ, ಒಂದೇ ರೊಟ್ಟಿ, ಮಾತಿಲ್ಲ.

ಕೋರ್ಟಿನ ಕೆಲಸ ಅಂದರೆ ಗೊತ್ತೇ ಇದೆ. ವಾಯ್ದೆಯ ಮೇಲೆ ವಾಯ್ದೆ ಬಿದ್ದು, ಕರೆಮ್ಮನ ಹುಡುಗಿ ಸಾಲೆಗೆ ಹೋಗುವಷ್ಟು ದೊಡ್ಡದಾದ ಮೇಲೆ ಶಹಾಪುರದಿಂದ ಸಾಕ್ಷಿಗೆ ಕರೆ ಬಂತು. ಅದರ ಹಿಂದಿನ ದಿನ ಮೌನಪ್ಪ ಮನೆಗೆ ಬಂದ. ತಲೆ ನರೆತಿತ್ತು, ಬಾಯಿ ಮಾತ್ರ ಹಳೆಯದೇ.

"ಅತ್ತಿ, ಆಗಿದ್ದು ಆಗಿಹೋತು. ನಾಳಿಗಿ ಒಂದ ಮಾತು ಹೇಳು ಸಾಕು. ಬಂದ ಕೂಡಲೇ ಸೂಜಿ ಹಾಕ್ಸೀವಂತ ಡಾಕ್ಟರಿಗೆ ಹೇಳೀನಿ, ಕೇಳಿನೂ ಅಕಿ ಬಾಟ್ಲಿ ಏರಿಸಿದಳು ಅನ್ನು. ಬಾಟ್ಲಿಯಿಂದಲೇ ಹರೀತು ಅಂತ ವಕೀಲ ತೋರಿಸ್ತಾನ. ನಾನೂ ಉಳೀತೀನಿ, ನೀನೂ ಉಳೀತಿ. ನೀ ಸುಳ್ಳ ಹೇಳಿದ್ದು, ಸುಮ್ಮ ಕುಂತದ್ದು, ಯಾರಿಗೂ ತಿಳಿಯಂಗಿಲ್ಲ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವಂಥ ಉಪಾಯ. ಭೀಮವ್ವ ಇಡೀ ಸಂಜೆ ಒಲೆಯ ಮುಂದೆ ಕೂತು ಅದನ್ನೇ ಯೋಚಿಸಿದಳು. ನಾನು ಸುಳ್ಳು ಯಾಕೆ ಹೇಳಬೇಕು, ಬೇಡ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಒಂದು ಸುಳ್ಳಿಗೆ ಕರೆಮ್ಮ ಉಳಿಯುತ್ತಿದ್ದಳು, ತನ್ನ ಪಾಲಿಗೆ.

ಕೋರ್ಟಿನಲ್ಲಿ ಮೊದಲು ಕರೆಮ್ಮನನ್ನು ಕರೆದರು. ಒಬ್ಬರ ಸಾಕ್ಷಿ ಇನ್ನೊಬ್ಬರು ಕೇಳಬಾರದಂತೆ. ಭೀಮವ್ವನನ್ನು ಹೊರಗೆ ಬೇವಿನ ಗಿಡದ ಕೆಳಗೆ ಕೂರಿಸಿದರು. ಅವಳ ಸರದಿ ಬಂದು ಒಳಗೆ ಹೋದಾಗ ಕರೆಮ್ಮ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಭೀಮವ್ವ ಕಟಕಟೆಯ ಕಟ್ಟಿಗೆ ಹಿಡಿದು ನಿಂತಳು.

"ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ ಅನ್ನು," ಎಂದ ಕೋರ್ಟಿನವನು.

"ಯಾರ ತಲಿ ಮ್ಯಾಲರಿ?" ಎಂದು ಕೇಳಿದಳು ಭೀಮವ್ವ. ಕೆಲವರು ನಕ್ಕರು.

"ಯಾರ ತಲೆಯ ಮೇಲೂ ಅಲ್ಲಮ್ಮ. ಸುಮ್ಮನೆ ಹೇಳು."

ಯಾರ ತಲೆಯ ಮೇಲೂ ಇಲ್ಲದ ಆಣೆಯನ್ನು ಅವಳು ಅದೇ ಮೊದಲು ಕಂಡದ್ದು. ಮೌನಪ್ಪನ ವಕೀಲ ಮುಂದೆ ಬಂದ. ದವಾಖಾನೆಗೆ ಹೋದ ಕೂಡಲೇ ಸೂಜಿಯ ವಿಷಯ ಡಾಕ್ಟರಿಗೆ ಹೇಳಿದೆ, ಹೌದಲ್ಲವೇ ಎಂದು ಕೇಳಿದ. ಹೌದು ಅಂದರೆ ಮುಗಿಯುತ್ತಿತ್ತು. ಭೀಮವ್ವ ಹಿಂದಿನ ಬೆಂಚು ನೋಡಿದಳು. ಕರೆಮ್ಮನ ಪಕ್ಕದಲ್ಲಿ, ಅವಳ ನಂತರ ಸಾಕ್ಷಿ ಹೇಳಿ ಮುಗಿಸಿದ್ದ ಅಮೃತಮ್ಮ ಕೂತಿದ್ದರು. ಕರೆಮ್ಮನ ಜೀವ ಉಳಿಸಿದ ಕೈಗಳು ಮಡಿಲಲ್ಲಿ ಇದ್ದವು.

"ಇಲ್ರಿ," ಎಂದಳು. "ಆ ಅಕ್ಕಾರು ಎರಡ ಸಲ ಕೇಳಿದ್ರು. ಎರಡ ಸಲನೂ ನಾ ಇಲ್ಲ ಅಂದೆ. ಆಗ ಕೂಸಿನ ಎದಿ ಬಡೀತಿತ್ತು. ನಾ ಸುಮ್ಮ ಕುಂತೆ, ಅದು ನಿಂತುಹೋತು. ಈ ಮೌನಪ್ಪ ಭಂಡಾರ ಹಿಡಿಸಿದ್ದ. ಹಿಡಿದಾಕಿ ನಾನ್ರಿ."

ಹೊರಗೆ ಬಂದಾಗ ಕರೆಮ್ಮ ಬೇವಿನ ಗಿಡದ ಕೆಳಗೆ ರೊಟ್ಟಿ ಬುತ್ತಿ ಬಿಚ್ಚಿ ಕೂತಿದ್ದಳು. ಭೀಮವ್ವ ದೂರದಲ್ಲೇ ನಿಂತಳು. ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

"ಬಾ ಆಯಿ, ಕುಂದ್ರು," ಎಂದಳು ಕರೆಮ್ಮ.

"ಕೇಳಿದಿಯಲ್ಲ ಒಳಗ."

"ಕೇಳಿದೆ. ನಾನೂ ಅದನ್ನೇ ಹೇಳಿ ಬಂದೆ. ನನ್ನೂ ಕೇಳಿದ್ರಲ್ಲ ಅವತ್ತು, ನಾನೂ ಗೋಣು ಅಲ್ಲಾಡಿಸಿದೆ."

"ನಿನ್ನ ಹೊಟ್ಟಿ ಮ್ಯಾಲ ಆಣಿ ಇತ್ತವ್ವ. ಅಂಜಿದ್ದಿ. ನಿಂದೇನು ತಪ್ಪು?"

"ಹೊಟ್ಟಿಗೆ ಅಂಜಲಿಲ್ಲ ಆಯಿ." ಕರೆಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ನೀ ಜೀಪಿಗೆ ಹೋದಾಗ ಅಂವ ನನ್ನ ಕೈಯಾಗೂ ಭಂಡಾರ ಇಟ್ಟಿದ್ದ. ಬಾಯಿ ಬಿಟ್ರ ನಿಮ್ಮ ಆಯಿ ಮ್ಯಾಲ ಬರಲಿ ಅನ್ನು ಅಂದ. ಅವ್ವ ಇಲ್ಲದಾಕಿ ನಾ. ನೀನೂ ಹೋದ್ರ ನನಗ ಯಾರ ಅದಾರ? ಅದಕ್ಕ ಸುಮ್ಮನಿದ್ದೆ. ನೀ ಒದರಿದಾಗ, ಆಯಿ ಈಗ ಬಿದ್ದು ಸಾಯ್ತಾಳಂತ ನನ್ನ ಜೀವ ಹಾರಿಹೋತು."

ಭೀಮವ್ವನಿಗೆ ಆ ಮುಂಜಾನೆಯ ಹಳದಿ ಅಂಗೈ ಕಣ್ಣ ಮುಂದೆ ಬಂತು. ಕರೆಮ್ಮನ ಕೈಯನ್ನು ಎಳೆದುಕೊಂಡು, ಬೆರಳು ಬಿಡಿಸಿ ನೋಡಿದಳು. ರೊಟ್ಟಿಯ ಹಿಟ್ಟು ಬಿಟ್ಟರೆ ಏನೂ ಇರಲಿಲ್ಲ. "ನಿನ್ನ ಸಲುವಾಗಿ ನಾನು, ನನ್ನ ಸಲುವಾಗಿ ನೀನು," ಎಂದಳು. "ಕೂಸಿನ ಸಲುವಾಗಿ ಯಾರೂ ಬಾಯಿ ಬಿಡಲಿಲ್ಲಲ್ಲೇ ನನ್ನವ್ವಾ!" ಕೋರ್ಟಿಗೆ ಬಂದ ಜನ ತಿರುಗಿ ನೋಡುವ ಹಾಗೆ ಗಟ್ಟಿಯಾಗಿ ಅತ್ತಳು. ಕರೆಮ್ಮ ಸುಮ್ಮನಿರು ಎನ್ನಲಿಲ್ಲ. ಆ ಅಂಗೈಯನ್ನು ಆಯಿಯ ಕೈಯಲ್ಲೇ ಬಿಟ್ಟು, ತಾನೂ ಅತ್ತಳು.